ಬದರಿ ಸಹಿ ಹಾಕಿದ ಗ್ಲೋಬ್

ಬದರೀನಾಥನಷ್ಟು ಚೊಕ್ಕ ಅಕ್ಷರದವನನ್ನು ನಾನು ಕಂಡಿಲ್ಲ. ಬೆಂಗಳೂರಿನ ಸರ್ವೆ ಕಚೇರಿಯಲ್ಲಿ ಹನ್ನೊಂದು ವರ್ಷ ನಕ್ಷೆ ಬರೆದು, ಅರವತ್ತೊಂಬತ್ತರಲ್ಲಿ ಹೆಂಡತಿ ನಿರುಪಮಾ, ಮಗಳು ನೀತಾಳನ್ನು ಕಟ್ಟಿಕೊಂಡು ಅಮೆರಿಕದ ಹೋಬೋಕನ್ನಿಗೆ ಬಂದ. ನಾನಿದ್ದ ಕಟ್ಟಡದಲ್ಲೇ, ನನ್ನ ಮನೆಯ ಕೆಳಗೇ ಬಿಡಾರ. ಶಾಲೆಗಳಿಗೆ ಗ್ಲೋಬ್ ಮಾಡಿ ಕಳಿಸುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಚ್ಚಾದ ಕಾಗದವನ್ನು ಚೆಂಡಿಗೆ ಅಂಟಿಸುವವರು ಬೇರೆ. ಹೆಸರು, ಗಡಿ, ನದಿ ಎಲ್ಲ ಸರಿಯಿವೆಯೇ ಎಂದು ನೋಡಿ, ಪೆಟ್ಟಿಗೆಯೊಳಗೆ ಹೋಗುವ ಚೀಟಿಗೆ 'ಪರೀಕ್ಷಿಸಿದೆ' ಎಂದು ಸಹಿ ಹಾಕುವವನು ಇವನು.

"ಪ್ರಪಂಚ ನನ್ನ ಸಹಿ ಇಲ್ದೆ ಹೊರಗೆ ಹೋಗಲ್ಲ ಕಣೋ ಸುಬ್ಬು" ಎಂದು ನನ್ನ ಮುಂದೆ ಜಂಬ ಕೊಚ್ಚುತ್ತಿದ್ದ.

ಎಪ್ಪತ್ತೊಂದರ ಡಿಸೆಂಬರ್ ಹದಿನಾರರಂದು ಪಾಕಿಸ್ತಾನದ ಸೇನೆ ಶರಣಾಗಿ ಢಾಕಾ ನಗರ ಕೈಬಿಟ್ಟಿತು. ಮರುದಿನವೇ ಬದರಿ ಪೇಪರ್ ಹಿಡಿದುಕೊಂಡು ಕಾರ್ಖಾನೆಯ ಯಜಮಾನನ ಕೋಣೆಗೆ ನುಗ್ಗಿದ. 'ಪೂರ್ವ ಪಾಕಿಸ್ತಾನ' ತೆಗೆದು 'ಬಾಂಗ್ಲಾದೇಶ' ಹಾಕಬೇಕು, ಢಾಕಾದ ಚುಕ್ಕೆಯ ಜಾಗದಲ್ಲಿ ರಾಜಧಾನಿಯ ನಕ್ಷತ್ರ ಇಡಬೇಕು ಎಂದ. ನಮ್ಮ ಸರ್ಕಾರ ಮೊದಲು ಒಪ್ಪಲಿ ಎಂದ ಯಜಮಾನ. ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರವೂ ಒಪ್ಪಿತು. ಆಗ ಅವನ ರಾಗ ಬದಲಾಯಿತು. ಗೋದಾಮಿನ ತುಂಬ ಹಳೆಯ ಹಾಳೆಗಳು ಬಿದ್ದಿವೆ, ಅವು ಖಾಲಿಯಾಗಲಿ ಎಂದ. ಬದರಿ ಉಗುರಿನಷ್ಟು ಕಾಗದದ ಮೇಲೆ ಹೊಸ ಹೆಸರು, ನಕ್ಷತ್ರ ಎರಡನ್ನೂ ಬರೆದು, ಇದನ್ನಾದರೂ ಅಚ್ಚು ಹಾಕಿಸಿ ಮೇಲೆ ಅಂಟಿಸೋಣ ಎಂದು ತೋರಿಸಿದ. ತೇಪೆ ಹಾಕಿದ ಗ್ಲೋಬ್ ಯಾರು ಕೊಳ್ಳುತ್ತಾರೆಂದು ಆ ಮನುಷ್ಯ ಅದನ್ನು ಕಸದ ಬುಟ್ಟಿಗೆ ಎಸೆದ.

ಢಾಕಾ ಬೀಳಲು ಹದಿಮೂರು ದಿನದ ಯುದ್ಧ ಸಾಕಾಯಿತು. ಗ್ಲೋಬಿನ ಮೇಲೆ ದೇಶದ ಹೆಸರು ತಿದ್ದಲು ಈ ಮುಠ್ಠಾಳ ಯಜಮಾನನಿಗೆ ಹತ್ತು ತಿಂಗಳು ಸಾಲಲಿಲ್ಲ. ನನಗೆ ಈಗಲೂ ಮೈ ಉರಿಯುತ್ತದೆ.

"ನೀನು ಸಹಿ ಹಾಕ್ಬೇಡ" ಎಂದೆ.

"ಹೇಳೋದು ಸುಲಭ. ಗ್ರೀನ್ ಕಾರ್ಡ್ ಪೇಪರ್ಸ್ ಎಲ್ಲ ಅವನ ಕೈಲಿದೆ. ಕೆಲಸ ಹೋದ್ರೆ ಪ್ಯಾಕ್ ಮಾಡ್ಕೊಂಡು ವಾಪಸ್ ಹೋಗ್ಬೇಕು" ಎಂದ ಬದರಿ.

ದಿನವೂ ಹಲ್ಲು ಕಚ್ಚಿಕೊಂಡು ಸಹಿ ಹಾಕಿದ. ಮನೆಯಲ್ಲಿ ಆ ಸುದ್ದಿ ಎತ್ತುತ್ತಿರಲಿಲ್ಲ. ಢಾಕಾ ಬಾಂಗ್ಲಾದೇಶದ ರಾಜಧಾನಿ ಎಂದು ಹತ್ತು ವರ್ಷದ ನೀತಾಳಿಗೆ ಮಾತ್ರ ಬಾಯಿಪಾಠ ಮಾಡಿಸಿದ.

ಅಕ್ಟೋಬರಿನಲ್ಲಿ ಅವಳ ಶಾಲೆಯ ಪರೀಕ್ಷೆಯಲ್ಲಿ ಢಾಕಾ ಯಾವ ದೇಶದಲ್ಲಿದೆ ಎಂದು ಕೇಳಿದರು. ಅವಳು ಬಾಂಗ್ಲಾದೇಶ ಎಂದು ಬರೆದಳು. ಟೀಚರ್ ಕೆಂಪು ಗೀಟು ಹಾಕಿದರು.

"ಶೀ ಸೆಡ್ ದಿ ಗ್ಲೋಬ್ ಸೇಸ್ ಪಾಕಿಸ್ತಾನ್, ಡ್ಯಾಡಿ."

ಬದರಿ ಕೆಂಡವಾದ. ಮರುದಿನ ಬೆಳಗ್ಗೆ ಮಗಳ ಕೈ ಹಿಡಿದು ಶಾಲೆಗೆ ಬಿಟ್ಟು, ಸಂಜೆ ನಾನೇ ಬಂದು ನಿಮ್ಮ ಟೀಚರ್ ಹತ್ತಿರ ಮಾತಾಡುತ್ತೇನೆಂದು ಹೇಳಿ ಬಂದ. ಶಾಲೆ ಬಿಡುವ ಹೊತ್ತಿಗೆ ನನ್ನನ್ನೂ ಎಳೆದುಕೊಂಡು ಹೊರಟ.

ಟೀಚರ್ ಒಳ್ಳೆಯ ಹೆಂಗಸೇ. ಸಮಾಧಾನದಿಂದ ಕೇಳಿಸಿಕೊಂಡು, ಸೆಪ್ಟೆಂಬರಿನಲ್ಲಷ್ಟೇ ತರಿಸಿದ ಹೊಸ ಗ್ಲೋಬನ್ನು ಮೇಜಿನ ಮೇಲಿಟ್ಟರು. ಬುಡದಲ್ಲಿ ಬದರಿಯ ಕಾರ್ಖಾನೆಯ ಹೆಸರೇ ಇತ್ತು. ಆಕೆ ಡ್ರಾಯರಿನಿಂದ ಚೀಟಿ ತೆಗೆದು ತೋರಿಸಿದರು. ನೋಡಿ, ತಿಳಿದವರೇ ಪರೀಕ್ಷಿಸಿ ಸಹಿ ಹಾಕಿದ್ದಾರೆ ಎಂದರು.

ಪಕ್ಕದಲ್ಲೇ ನಿಂತಿದ್ದ ನೀತಾ ಬಗ್ಗಿ ನೋಡಿದಳು. ಅವಳ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟ ಅದೇ ಚೊಕ್ಕ ಅಕ್ಷರ.

"ದಟ್ಸ್ ಯುವರ್ ರೈಟಿಂಗ್" ಎಂದಳು ಮೆಲ್ಲಗೆ. "ಯು ನ್ಯೂ, ಡ್ಯಾಡಿ?"

ಬದರಿ ಟೀಚರ್ ಕಡೆ ತಿರುಗಿ, ಸಹಿ ನನ್ನದು, ತಪ್ಪೂ ನನ್ನದು, ಹುಡುಗಿಯ ಉತ್ತರ ಸರಿ ಎಂದ. ಆಕೆ ಆ ಕೆಂಪು ಗೀಟನ್ನು ಹೊಡೆದುಹಾಕಿ ಅಂಕ ಕೊಟ್ಟರು.

ಬೆಳಗ್ಗೆ ಅಪ್ಪನ ಕೈ ಹಿಡಿದು ಶಾಲೆಗೆ ಹೋದ ಹುಡುಗಿ ಸಂಜೆ ನನ್ನ ಕೈ ಹಿಡಿದುಕೊಂಡು ಮನೆಗೆ ಬಂದಳು.