ಎರಡು ಕ್ರೆಡಿಟ್ ಕಡಿಮೆ

ಹದಿನೈದು ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್ಟು. ಈ ಒಂದು ಮಾತನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ವಿವರಿಸಿದ್ದೇನೆಂದರೆ, ಆ ಗಂಟೆಗಳನ್ನೆಲ್ಲ ಕೂಡಿದರೆ ನನಗೇ ಇನ್ನೊಂದು ಪದವಿ ಕೊಡಬೇಕಾಗುತ್ತದೆ. ಹೊಳಲ್ಕೆರೆ ಕಡೆಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು. ಪಾಠಕ್ಕಿಂತ ಹೆಚ್ಚಾಗಿ ಮಾಡುವುದು ತಾಳೆ ನೋಡುವ ಕೆಲಸ. ಬೇರೆ ಕಾಲೇಜಿನಿಂದ, ಹಳೆಯ ಸ್ಕೀಮಿನಿಂದ ಬಂದವರ ಅಂಕಪಟ್ಟಿ ಎಡಗಡೆ, ನಮ್ಮ ಪಠ್ಯಕ್ರಮ ಬಲಗಡೆ ಇಟ್ಟುಕೊಂಡು, ಅಲ್ಲಿ ಓದಿದ್ದು ಇಲ್ಲಿಯ ಯಾವುದಕ್ಕೆ ಸಮ ಎಂದು ಬರೆಯಬೇಕು. ಇದು ನನ್ನ ಪಾಲಿಗೇ ಯಾಕೆ ಬಂತೆಂದರೆ, ಕೆಲಸ ಹಂಚಿದ ದಿನ ನಾನು ರಜೆಯಲ್ಲಿದ್ದೆ.

ಸ್ಕೀಮುಗಳೋ, ಒಂದು ಬ್ಯಾಚು ಮುಗಿಯುವುದರೊಳಗೆ ಬದಲಾಗುತ್ತವೆ. ಮೂರು ಕ್ರೆಡಿಟ್ ಇದ್ದದ್ದು ಐದಾಗುತ್ತದೆ, ಐದಿದ್ದದ್ದು ಮಾಯವಾಗುತ್ತದೆ. ಹಿಂದಿನ ಕಾಲದಲ್ಲಿ ಭೂಮಿ ಅಳೆಯುವ ಕೋಲು ಸೀಮೆಗೊಂದು ಉದ್ದ ಇರುತ್ತಿತ್ತು. ಜಗಳ ಬೇಡವೆಂದು ಕೆಲವು ಕಡೆ ಆ ಉದ್ದವನ್ನು ಗುಡಿಯ ಕಲ್ಲಿನ ಮೇಲೇ ಕೆತ್ತಿಸಿಬಿಡುತ್ತಿದ್ದರು. ಇದನ್ನು ಪಾಠ ಮಾಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಕಲ್ಲಿನಲ್ಲಿ ಕೆತ್ತಿದ್ದನ್ನು ಸುತ್ತೋಲೆ ಕಳಿಸಿ ತಿದ್ದಲಾಗದು. ನಮ್ಮ ಅಳತೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಬಂದು ಸಂಜೆಯೊಳಗೆ ಡಿಲೀಟ್ ಆಗಿರುತ್ತದೆ. ದಣಿದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆ ದಣಿವಿನಲ್ಲಿರುವಾಗಲೇ ನಾಗವೇಣಿ ಬಂದಳು. ಜವನಗೊಂಡನಹಳ್ಳಿಯವಳು. ಹಿರಿಯೂರಿನಲ್ಲಿ ಬಿ.ಎ. ಎರಡು ವರ್ಷ ಮುಗಿಸಿ, ಮದುವೆಯಾಗಿ, ಓದು ಬಿಟ್ಟಿದ್ದಳು. ಗಂಡನಿಗೆ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸ. ಮಗು ಅಂಗನವಾಡಿಗೆ ಹೋಗತೊಡಗಿದ ಮೇಲೆ, ಮೂರನೇ ವರ್ಷಕ್ಕೆ ಸೇರಿಸಿಕೊಳ್ಳಿ ಎಂದು ಬಂದಿದ್ದಳು. ತಾಳೆ ನೋಡಿದೆ. ಎಲ್ಲ ಸರಿಹೋಗಿ, ಇತಿಹಾಸದ ಒಂದು ಪತ್ರಿಕೆಯಲ್ಲಿ ಎರಡು ಕ್ರೆಡಿಟ್ ಕಡಿಮೆ ಬಿತ್ತು. ಅವಳ ಕಾಲದಲ್ಲಿ ಆ ಪತ್ರಿಕೆಗೆ ಮೂರು, ಈಗ ಐದು. ಪೂರೈಸುವ ದಾರಿ ಒಂದಿತ್ತು: ಮೂವತ್ತು ಗಂಟೆ ಹೆಚ್ಚುವರಿ ಪಾಠ ಮಾಡಿದ್ದೇನೆಂದು ವಿಷಯದ ಮೇಷ್ಟ್ರು ಬರೆದುಕೊಡಬೇಕು. ತಿಂಗಳ ಕೊನೆಯೊಳಗೆ ಆ ಪತ್ರ ಹೋಗದಿದ್ದರೆ ಮತ್ತೆ ಎರಡನೇ ವರ್ಷವೇ ಗತಿ.

"ಇನ್ನೊಂದು ವರ್ಷ ಜಾಸ್ತಿ ಅಂದ್ರೆ ಮನೇಲಿ ಬ್ಯಾಡ ಅಂತಾರೆ ಸರ್. ಇದೊಂದ್ಸಲ ಒಪ್ಪಿರಾದೇ ದೊಡ್ದು," ಅಂದಳು.

ನನಗೆ ಕರುಣೆ ಬಂತು. ನನ್ನ ಕರುಣೆ ಸಾಮಾನ್ಯವಾಗಿ ಕೆಲಸ ಕಡಿಮೆಯಾಗುವ ಕಡೆಗೇ ಹರಿಯುತ್ತದೆ. "ಬರ್ಕೊಡ್ತೀನಿ ಬಿಡಮ್ಮ, ನಾಳೆ ಬಂದು ತಗಂಡು ಹೋಗು," ಅಂದೆ.

"ಪಾಠ ಯಾವತ್ತಿಂದ ಸರ್?"

"ಎಂಥ ಪಾಠ? ಮೂವತ್ತು ಗಂಟೆ ಆಯ್ತು ಅಂತ ಬರೆದ್ರೆ ಆಯ್ತು."

ಅವಳು ಏಳಲಿಲ್ಲ. ಚೀಲದಿಂದ ಹಳೆಯ ನೋಟ್‌ಬುಕ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಹಿರಿಯೂರಲ್ಲಿ ನಮ್ಗೆ ಹಿಸ್ಟರಿ ತಗಂತಿದ್ದೋರು ನೀವೇ ಸರ್. ನಿಮ್ಗೆ ಗುರ್ತು ಸಿಕ್ಕಿಲ್ಲ."

ನಿಜವಾಗಿ ಸಿಕ್ಕಿರಲಿಲ್ಲ. ನಾನು ಅಲ್ಲಿಂದ ವರ್ಗವಾಗಿ ಬಂದೇ ವರ್ಷಗಳಾಗಿದ್ದವು. ಪುಟ ತಿರುವಿದೆ. ಪ್ರತಿ ತರಗತಿಗೂ ತಾರೀಕು, ಅದರ ಕೆಳಗೆ ಪಾಠ. ಪಾಠವಿಲ್ಲದ ಕಡೆ, ದುಂಡಗಿನ ಅಕ್ಷರದಲ್ಲಿ, 'ಸರ್ ಬರಲಿಲ್ಲ.' ಮುಂದಿನ ಪುಟದಲ್ಲಿ ಮತ್ತೆ 'ಸರ್ ಬರಲಿಲ್ಲ.' ಒಂದು ಕಡೆ, 'ಸರ್ ಬಂದರು, ಹಾಜರಿ ಕರೆದು ಹೋದರು.' ಆ ಪತ್ರಿಕೆಗೆ ಪೂರ್ತಿ ನಲವತ್ತೈದು ಗಂಟೆ ಪಾಠವಾಗಿದೆ ಎಂದು ಸಹಿ ಹಾಕಿದವನೂ ನಾನೇ. ಚುನಾವಣೆ ಕೆಲಸವಿತ್ತು, ಮೌಲ್ಯಮಾಪನವಿತ್ತು, ಕೆಲವು ದಿನ ಬರೀ ಬೇಜಾರಿತ್ತು. ಕಾರಣಗಳನ್ನು ಅವಳು ಬರೆದಿರಲಿಲ್ಲ. ನನಗೆ ತಲೆ ಎತ್ತಿ ಅವಳ ಮುಖ ನೋಡಲು ನಾಚಿಕೆಯಾಯಿತು.

"ತೆಪ್ಪು ತಿಳ್ಕಬ್ಯಾಡ್ರಿ ಸರ್," ಅಂದಳು ಗಾಬರಿಯಿಂದ. "ಶಾಸನ ಓದೋದು ಹೆಂಗೆ ಅಂತ ಮುಂದಿನ ಕ್ಲಾಸಲ್ಲಿ ಹೇಳ್ತೀನಿ ಅಂದಿದ್ರಿ. ಎಷ್ಟು ಹುಡುಕಿದ್ರೂ ಅದು ಇದ್ರಾಗಿಲ್ಲ. ಅದನ್ನ ಹೇಳ್ಕೊಡ್ರಿ ಸಾಕು."

ಅಂಗನವಾಡಿಯಿಂದ ಮಗುವನ್ನು ಬಿಡುವಷ್ಟರಲ್ಲಿ ಅವಳು ಚಿಕ್ಕಜಾಜೂರು ಸೇರಬೇಕು. ಹಾಗಾಗಿ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಹದಿನೈದು ದಿನ ಎಂದು ಗೊತ್ತುಮಾಡಿದೆವು. ಮೊದಲ ದಿನ ನಾನು ಅಭ್ಯಾಸಬಲದಿಂದ ಒಂಬತ್ತೂವರೆಗೆ ಹೋದೆ. ಬೀಗ ಹಾಕಿದ ಕೊಠಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು, ಹೊಸ ನೋಟ್‌ಬುಕ್ ತೆಗೆದಳು.

ಕೊನೆಯ ದಿನ ಹನ್ನೊಂದಕ್ಕೆ ಪತ್ರ ಬರೆಯಲು ಕೂತೆ. ಮೂವತ್ತು ಎಂದು ಬರೆಯುವ ಮುಂಚೆ, ಯಾಕೋ, ಅವಳ ಹೊಸ ನೋಟ್‌ಬುಕ್ ಕೇಳಿ ತೆಗೆದುಕೊಂಡೆ. ಮೊದಲ ಪುಟದಲ್ಲಿ ತಾರೀಕು, ಅದರ ಕೆಳಗೆ, 'ಸರ್ ಬಂದರು. ಅರ್ಧ ಗಂಟೆ ತಡ.'

"ಇನ್ನರ್ಧ ಗಂಟೆ ಐತಲ್ಲಮ್ಮ," ಅಂದೆ.

"ಬಸ್ಸು ಇನ್ನೊಂದೈತೆ, ಹೇಳ್ರಿ ಸರ್," ಎಂದು ಪೆನ್ನಿನ ಮುಚ್ಚಳ ತೆಗೆದಳು.

ಪತ್ರ ಹೋಯಿತು. ಈಗ ಅವಳು ಮೂರನೇ ವರ್ಷದ ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ನನ್ನ ದಣಿವು ಹಾಗೇ ಇದೆ, ಮೇಜಿನ ಮೇಲೆ ಇನ್ನೂ ಹತ್ತಾರು ಅಂಕಪಟ್ಟಿಗಳು ತಾಳೆಗೆ ಕಾಯುತ್ತಿವೆ. ಮೊನ್ನೆ ರಜೆ ಹಾಕೋಣವೆಂದು ಅರ್ಜಿಯನ್ನೂ ಬರೆದಿದ್ದೆ. ಅಷ್ಟರಲ್ಲಿ ಅವಳು ತಾರೀಕು ಬರೆದು ಕಾಯುತ್ತಿರುತ್ತಾಳೆ ಎಂದು ನೆನಪಾಗಿ, ಅರ್ಜಿಯನ್ನು ಜೇಬಿಗೆ ಹಾಕಿಕೊಂಡು ಕಾಲೇಜಿನ ಬಸ್ಸು ಹತ್ತಿದೆ.