ನಾದಿನಿಯಿಂದ ಕಲಿತ ಯಂತ್ರ

ಗಂಡ ಸತ್ತಮೇಲೆ ನನ್ನ ನಾದಿನಿಗೆ ಅಣ್ಣನ ಮನೆಯೇ ಗತಿಯಾಯಿತು. ಆ ಮಾತನ್ನು ಅವಳೆದುರು ಆಡಿದರೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಬರುತ್ತಿತ್ತು: "ನಾನು ಯಾರ ಹಂಗಿನಲ್ಲೂ ಇಲ್ಲ. ದುಡೀತೀನಿ, ತಿಂತೀನಿ." ಸುಳ್ಳಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಾವು ಔಷಧಿ ಬಾಟಲಿಗಳಿಗೆ ರಟ್ಟಿನ ಡಬ್ಬಿ ಮಾಡುತ್ತಿದ್ದೆವು. ರಟ್ಟು ಕತ್ತರಿಸುವುದು ನನ್ನವರು, ಗಿರಾಕಿಗಳ ತಕರಾರು ಕೇಳುವುದು ನಾನು. ಮಡಿಸಿ ಅಂಟಿಸುವುದು ಪೂರ್ತಿ ಅವಳದು. ಕೈ ಓಡಿದಷ್ಟೇ ಜೋರಾಗಿ ಬಾಯಿಯೂ ಓಡುತ್ತಿತ್ತು.

ಹೀಗಿರುವಾಗ ಔಷಧಿ ಕಂಪನಿಯವರು, ಇನ್ನೂ ಬೇಗ ಕೊಡದಿದ್ದರೆ ಬೇರೆ ಕಡೆ ಹೋಗುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಉಳಿದಿದ್ದ ಗಿರಾಕಿ ಅವರೊಬ್ಬರೇ. ಆಗ ಬಂದವರು ವಿಶ್ವವಿದ್ಯಾಲಯದ ಮೇಡಂ. ಸಣ್ಣ ಉದ್ದಿಮೆಗಳಿಗೆ ಹೊಸ ಯಂತ್ರ ಮಾಡಿಕೊಡುವ ಯೋಜನೆಯಂತೆ; ಖರ್ಚು ಸರ್ಕಾರದ್ದು, ತಲೆ ವಿಶ್ವವಿದ್ಯಾಲಯದ್ದು, ಜಾಗ ನಮ್ಮದು. ಬೇಡ ಅನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಯಂತ್ರಕ್ಕೆ ಮಡಿಸುವುದನ್ನು ಕಲಿಸಬೇಕಲ್ಲ, ಅದಕ್ಕೆ ನಾದಿನಿಯ ಬೆರಳ ಗೆಣ್ಣುಗಳಿಗೆಲ್ಲ ಬಿಳಿ ಚುಕ್ಕಿ ಅಂಟಿಸಿ, ಅವು ಆಡುವ ರೀತಿಗೆ ಕ್ಯಾಮೆರಾ ಹಿಡಿದರು.

"ನನ್ನ ಮದುವೇಲೂ ಇಷ್ಟು ಫೋಟೋ ತೆಗ್ದಿರ್ಲಿಲ್ಲ, ಮೇಡಂ," ಎಂದು ನಕ್ಕಳು.

ಯಂತ್ರ ರಟ್ಟು ಹರಿದಾಗಲೆಲ್ಲ, "ಅಯ್ಯೋ ಪೆದ್ದೇ, ಮೊದಲು ಮೂಲೆ ಒತ್ತು!" ಎಂದು ಗದರುತ್ತಿದ್ದಳು. ಮತ್ತೆ ಮತ್ತೆ ತೋರಿಸಿಕೊಟ್ಟಳು. ಅದು ದಿನದಿನಕ್ಕೆ ಕಲಿಯುತ್ತ ಹೋಯಿತು. ಕಲಿತರೆ ಅವಳ ಕೆಲಸ ಹೋಗುತ್ತದೆ, ಕಲಿಯದಿದ್ದರೆ ಎಲ್ಲರದೂ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ಸರ್ಕಾರದ ಸಾಹೇಬರೂ ಔಷಧಿ ಕಂಪನಿಯವರೂ ನೋಡಲು ಬಂದ ದಿನ ಯಂತ್ರ ಒಂದೇ ಒಂದು ತಪ್ಪು ಮಾಡಲಿಲ್ಲ, ಹಾಳಾದ್ದು. ಸಾಹೇಬರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಷ್ಟು ಜನರ ಕೆಲಸ ಮಾಡುತ್ತೆ ಇದು?" ಎಂದು ಕೇಳಿದರು. ಮೇಡಂ ನನ್ನ ಮುಖ ನೋಡಿದರು. ನಾನು ನನ್ನವರ ಮುಖ ನೋಡಿದೆ. ಅವರು ನೆಲ ನೋಡಿದರು.

"ಒಬ್ಬರದು ಸಾರ್," ನಾದಿನಿಯೇ ಹೇಳಿದಳು. "ನಂದು."

ಸಾಹೇಬರು ಭೇಷ್ ಎಂದರು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಕಂಪನಿಯವರು ಅಲ್ಲೇ ನಿಂತು, ಡಬ್ಬಿ ಇನ್ನು ನಿಮ್ಮಲ್ಲೇ ಎಂದು ಒಪ್ಪಿಕೊಂಡರು. ನನಗೆ ಅಳು ಬಂತು, ಖುಷಿಗೆ ಅಂದುಕೊಂಡರು.

ಎಲ್ಲರೂ ಹೋದಮೇಲೆ ತಟ್ಟೆ ಹಾಕಿ ಅವಳನ್ನು ಕರೆದೆ.

"ಬೇರೆ ಏನಾದ್ರೂ ಕೆಲಸ ನೋಡೋಣ. ಬಾರಮ್ಮ, ಊಟ ಮಾಡು."

ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ನೀವೆಲ್ಲ ಮಾಡಿ ಅತ್ತಿಗೆ," ಎಂದಳು. "ಉಳಿದಿದ್ರೆ ನಂಗೂ ಒಂದು ತುತ್ತು ಕೊಡಿ."