ಮಸ್ತಾನಸಾಬರು ಹೊಲಿದ ಜೇಕು

ಮಸ್ತಾನಸಾಬರು ಹಾಳೆಗೆ ಹೊಲಿದ ಒಣಗಿಡದಿಂದ ಒಂದೇ ಒಂದು ಕಾಳು ಉದುರಿತು ಅಂದರೆ, ತುಂಗಭದ್ರೆ ಹರಿಹರದಲ್ಲಿ ಹಿಂದಕ್ಕೆ ತಿರುಗಿ ಗುಡ್ಡ ಹತ್ತಲು ಶುರು ಮಾಡಿದಳು ಅಂತ ತಿಳಿಯಬೇಕು. ಇದು ಊರವರು ಹೇಳುವ ಮಾತಲ್ಲ, ಮಸ್ತಾನಸಾಬರದೇ. ದಾವಣಗೆರೆಯ ವಿದ್ಯಾನಗರದ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷದಿಂದ ಅಟೆಂಡರ್ ಆಗಿರುವ ಅವರು, ಹೊಸ ಬ್ಯಾಚಿನ ಹುಡುಗರನ್ನು ಬಾಗಿಲಲ್ಲೇ ತಡೆದು, ಈ ಮಾತು ಕಿವಿಗೆ ಹಾಕಿಯೇ ಒಣಗಿಡಗಳ ಕೋಣೆಯೊಳಗೆ ಬಿಡುತ್ತಿದ್ದರು.

ಮೊದಲು ಅವರು ಹರಿಹರದಲ್ಲಿ ದರ್ಜಿ. ರೆಡಿಮೇಡ್ ಬಟ್ಟೆಯ ಕಾಲ ಬಂದ ಮೇಲೆ ಅವರ ಅಂಗಡಿಗೆ ತಪ್ಪದೆ ಬರುತ್ತಿದ್ದದ್ದು ನೊಣಗಳು ಮಾತ್ರ, ಅವೂ ಅಳತೆ ಕೊಡದೆ ಹಾರಿಹೋಗುತ್ತಿದ್ದವು. ಉಳಿದಿದ್ದ ಒಬ್ಬ ಗಿರಾಕಿ ಪಂಚಾಕ್ಷರಪ್ಪ, ಆಗಿನ್ನೂ ಅದೇ ವಿಭಾಗದ ಹೊಸ ಲೆಕ್ಚರರು. ಒಂದು ದಿನ ಪ್ಯಾಂಟಿನ ಅಳತೆ ಕೊಡುತ್ತಾ, ಹಾಳೆಗೆ ಅಂಟಿಸಿದ ಗಿಡಗಳನ್ನು ಜಿರಳೆಗಳು ಅಂಟಿನ ಸಮೇತ ಊಟ ಮಾಡಿಬಿಟ್ಟವು ಅಂತ ಗೋಳು ಹೇಳಿಕೊಂಡರು.

"ಅಂಟು ಯಾಕ್ರಿ ಸರ, ಹೊಲಿದ್ರಾತು" ಅಂದರು ಮಸ್ತಾನಸಾಬರು.

ಅದೊಂದು ಮಾತಿಗೆ ನೌಕರಿ ಸಿಕ್ಕಿತು. ಹುಲ್ಲುಕಡ್ಡಿ ಹೊಲಿದು ಮೂರು ಹೆಣ್ಣುಮಕ್ಕಳನ್ನು ಓದಿಸಿದ ದರ್ಜಿ ಭೂಮಿಯ ಮೇಲೆ ತಾನೊಬ್ಬನೇ ಅಂತ ಅವರು ಹೇಳುತ್ತಿದ್ದರು. ಇದರಲ್ಲಿ ಮಾತ್ರ ಬಡಾಯಿ ಇಲ್ಲ. ಬೆಳಿಗ್ಗೆ ಕೋಣೆಯ ಬೀಗ ತೆಗೆದವರೇ ಬೀರುಗಳಿಗೆಲ್ಲ ಒಂದು ಸಲಾಮು ಹೊಡೆದು, ಆಮೇಲೆ ಕಸಬರಿಗೆ ಹಿಡಿಯುತ್ತಿದ್ದರು.

ಆ ಕೋಣೆಗೆ ನಾಲ್ಕು ವರ್ಷದಿಂದ ದಿನಾ ಬರುತ್ತಿದ್ದವಳು ರಶ್ಮಿತಾ, ಪಿಎಚ್‌ಡಿ ವಿದ್ಯಾರ್ಥಿನಿ. ಅವಳ ವಿಷಯ ಜೇಕು ಅನ್ನುವ ಹುಲ್ಲು. ಹರಿಹರದ ಗದ್ದೆಯಲ್ಲಿ ಹೆಂಗಸರು ಕಿತ್ತು ಬದುವಿಗೆ ಎಸೆಯುವ ಜೇಕಲ್ಲ. ಗುಡ್ಡದ ನೆತ್ತಿಯ ಮೇಲೆ ಮಂಜು ಕುಡಿದು ಬೆಳೆಯುವ ಅದರ ದೂರದ ನೆಂಟ. ಇಪ್ಪತ್ತಾರು ವರ್ಷದ ಹಿಂದೆ ಪಂಚಾಕ್ಷರಪ್ಪನವರು ಗುಡ್ಡ ಹತ್ತಿ ತಂದಿದ್ದು; ಆಗ ಅವರಿಗೆ ಹೊಟ್ಟೆ ಇರಲಿಲ್ಲ, ಉಸಿರಿತ್ತು. ಈಗ ಆ ಜಾಗದಲ್ಲಿ ರೆಸಾರ್ಟಿನ ಕಾರುಗಳು ನಿಲ್ಲುತ್ತವೆ. ರಶ್ಮಿತಾ ಮೂರು ಸಲ ಹೋಗಿ ಬರಿಗೈಲಿ ಬಂದಿದ್ದಳು. ಉಳಿದಿದ್ದು ಬೀರುವಿನಲ್ಲಿದ್ದ ೨೧೪ನೇ ಹಾಳೆ ಒಂದೇ.

"ಚಾಚಾ, ನೋಡೋಕೆ ಒಂದೇ ಥರ ಇದಾವೆ ಅಂತ ಹಿಂದಿನವ್ರು ಗುಡ್ಡದ ಜೇಕನ್ನೆಲ್ಲ ಒಂದೇ ಕುಲಕ್ಕೆ ಸೇರಿಸಿಬಿಟ್ಟಾರೆ" ಅಂದಳು ಒಂದು ಶುಕ್ರವಾರ. "ಯಾರು ಯಾವ ಮನೆತನ ಅಂತ ಹೇಳೋದು ಕಾಳು. ಕಾಳಿಗೆ ಮೂರು ಮೂಲೆ, ತುದೀಲಿ ಕೊಕ್ಕು ಇದ್ರೆ ಇದರ ಕುಲಾನೇ ಬೇರೆ. ಹೊಸ ಹೆಸರು ಇಡಬೇಕಾಗುತ್ತೆ."

"ಮತ್ತೆ ನೋಡವ್ವ."

"ಎಲ್ಲೈತಿ ಕಾಳು? ಬರೀ ಹೊಟ್ಟು. ಎಲೆದು ಡಿಎನ್‌ಎ ಟೆಸ್ಟ್ ಮಾಡ್ಸೋಣ ಅಂದ್ರೆ, ಕಿತ್ತಾಗ ಕೆಡದಿರಲಿ ಅಂತ ಸ್ಪಿರಿಟ್‌ನಲ್ಲಿ ಅದ್ದಿದ್ದರಿಂದ ಏನೂ ಸಿಗಲಿಲ್ಲ. ಕಾಳು ಕಟ್ಟೋ ಮುಂಚೇನೇ ಕಿತ್ತಾರೆ ಅನ್ಸುತ್ತೆ. ನಿಮ್ಮ ಹೊಲಿಗೇಲಿ ಉದುರೋ ಮಾತೇ ಇಲ್ವಲ್ಲ. ಸೋಮವಾರ ಥೀಸಿಸ್‌ನಲ್ಲಿ ಹಂಗೇ ಬರೆದು ಮುಗಿಸಿಬಿಡ್ತೀನಿ. ಹಳೇ ಹೆಸರಲ್ಲೇ ಇರ್ಲಿ. ನಾಲ್ಕು ವರ್ಷ ಹೋತು ಅಷ್ಟೆ."

ಮಸ್ತಾನಸಾಬರ ಸೂಜಿ ಅರ್ಧದಲ್ಲೇ ನಿಂತಿತು.

ಗಿರಾಕಿಯ ಬಟ್ಟೆಯ ಚೂರು, ಕಿತ್ತುಬಂದ ಗುಂಡಿ, ಏನಿದ್ದರೂ ಗಿರಾಕಿಯದೇ. ಗಂಟು ಕಟ್ಟಿ ವಾಪಸ್ ಕೊಡಬೇಕು ಅಂತ ಅವರ ಅಪ್ಪ ಕಲಿಸಿದ್ದರು. ಮಸ್ತಾನಸಾಬರು ಅದನ್ನು ಅರ್ಧ ಪಾಲಿಸಿದ್ದರು. ಹಾಳೆಯಿಂದ ಉದುರಿದ್ದನ್ನೆಲ್ಲ ಕಾಗದದಲ್ಲಿ ಮಡಚಿ, ಮೇಲೆ ಹಾಳೆಯ ನಂಬರು ಬರೆದು, ಬಿಸ್ಕತ್ತಿನ ಡಬ್ಬಿಗೆ ಹಾಕಿ ಹರಿಹರದ ಮನೆಯ ಹೊಲಿಗೆ ಮಷಿನ್ನಿನ ಕೆಳಗೆ ಇಟ್ಟಿದ್ದರು. ವಾಪಸ್ ಮಾತ್ರ ಕೊಟ್ಟಿರಲಿಲ್ಲ. ಕೊಟ್ಟರೆ ತುಂಗಭದ್ರೆ ಗುಡ್ಡ ಹತ್ತಬೇಕಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಡಬ್ಬಿ ಹಿಡಿದು ದಾವಣಗೆರೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅದು ತೊಡೆಯ ಮೇಲೆ ಕ್ವಿಂಟಾಲ್ ಭಾರ ಕೂತಿತ್ತು. ಇಳಿಯುವಾಗ ಮರೆತವರ ಹಾಗೆ ಅದನ್ನು ಸೀಟಿನ ಮೇಲೇ ಬಿಟ್ಟು ಚುರುಕಾಗಿ ನಡೆದರು. ನಾಲ್ಕು ಹೆಜ್ಜೆ ಹೋಗಿರಬೇಕು.

"ಸಾಬ್ರೆ, ಊಟದ ಡಬ್ಬಿ ಬಿಟ್ರಿ ನೋಡ್ರಿ" ಅಂತ ಕಂಡಕ್ಟರ್ ಇಳಿದು ಬಂದು ಕೈಗೇ ಕೊಟ್ಟ. ಆ ಹೊತ್ತಿಗೆ ಬೈದುಕೊಂಡರೂ, ಆಮೇಲೆ ಆ ಪುಣ್ಯಾತ್ಮನಿಗೆ ದಿನಾ ಒಂದು ದುವಾ ಎತ್ತಿಟ್ಟರು.

ಡಬ್ಬಿಯನ್ನು ರಶ್ಮಿತಾಳ ಮುಂದಿಟ್ಟು, "ಉದುರ್ತಾವವ್ವ" ಅಂದರು. "ಮೊದಲಿಂದ್ಲೂ ಉದುರ್ತಾವೆ."

೨೧೪ರ ಪೊಟ್ಟಣದಲ್ಲಿ ಎಳ್ಳಿಗಿಂತ ಸಣ್ಣವು ಏಳು ಕಾಳಿದ್ದವು. ಅವಳು ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಸ್ಟೂಲು ಬಿಟ್ಟು ಎದ್ದು, "ಕೂಡ್ರಿ ಚಾಚಾ, ನೀವೇ ನೋಡ್ರಿ" ಅಂದಳು.

ಆ ಯಂತ್ರವನ್ನು ಲಕ್ಷ ಸಲ ಒರೆಸಿದ್ದರೂ, ನೋಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬಗ್ಗಿ ಕಣ್ಣಿಟ್ಟರು. ಮೂರು ಮೂಲೆಯ, ತುದಿಗೆ ಕೊಕ್ಕಿದ್ದ, ಜೇನುಬಣ್ಣದ ಹೊಳೆಯುವ ಕಾಳು. ನವಾಬರ ಶೇರ್ವಾನಿಗೂ ಇಂಥ ಗುಂಡಿ ಸಿಕ್ಕಿರಲಿಕ್ಕಿಲ್ಲ.

"ಹೊಸ ಕುಲ ಚಾಚಾ. ಹೆಸರು ನಿಮ್ದೇ ಇಡ್ತೀನಿ."

"ನಂದ್ಯಾಕವ್ವ. ಗುಡ್ಡ ಹತ್ತಿ ತಂದವ್ರು ಸರ್ರು."

"ತಂದವ್ರು ಭಾಳ ಮಂದಿ ಇದಾರೆ. ಬಿದ್ದಿದ್ದನ್ನ ಎತ್ತಿಟ್ಟವ್ರು ನೀವೊಬ್ರೇ."

ಮಸ್ತಾನಸಾಬರು ಕನ್ನಡಕ ತೆಗೆದು, ಆಗಲೇ ಸ್ವಚ್ಛವಾಗಿದ್ದ ಗಾಜನ್ನು ಒರೆಸತೊಡಗಿದರು. ಅಷ್ಟರಲ್ಲಿ ಪಂಚಾಕ್ಷರಪ್ಪನವರು, ಈಗ ವಿಭಾಗದ ಮುಖ್ಯಸ್ಥರು, ಹೊಟ್ಟೆ ಮುಂದೆ ಮಾಡಿಕೊಂಡು ಒಳಗೆ ಬಂದರು. ಕಾಳು ನೋಡಿ, ತಾವು ಗುಡ್ಡ ಹತ್ತಿದ್ದು ದಂಡವಾಗಲಿಲ್ಲ ಅಂತ ಅವರ ಮುಖ ಅರಳಿತು. ಆಮೇಲೆ ಡಬ್ಬಿಯಲ್ಲಿ ಕೈಯಾಡಿಸಿದರು. ನಂಬರಿನ ಬದಲು 'ಸರ್' ಅಂತ ಬರೆದಿದ್ದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ, ಸಾಬರು ಹೊಲಿದುಕೊಟ್ಟಿದ್ದ ಅವರದೇ ಪ್ಯಾಂಟಿನಿಂದ ಕಿತ್ತುಬಂದ ಸೊಂಟದ ಗುಂಡಿ.

"ಏನ್ರಿ ಸಾಬ್ರೆ, ನಿಮ್ಮ ಹೊಲಿಗೇಲಿ ಕಾಳೂ ನಿಲ್ಲಲ್ಲ, ಗುಂಡೀನೂ ನಿಲ್ಲಲ್ಲ. ಇಷ್ಟು ವರ್ಷ ನಮ್ಮ ಮುಂದೆ ಬಡಾಯಿ ಕೊಚ್ಚಿದ್ರಲ್ಲ."

ಮಸ್ತಾನಸಾಬರು ಗುಂಡಿಯನ್ನು ತೆಗೆದುಕೊಂಡು, ಸೂಜಿಗೆ ದಾರ ಪೋಣಿಸುತ್ತಾ ಅಂದರು:

"ಹೊಲಿಗೆ ಗಟ್ಟೀನೇ ಇತ್ರಿ ಸರ. ಎರಡೂ ಕಡೆ ಒಳಗಿದ್ದದ್ದು ಬಲಿತಿತ್ತು."